160 ಕಾರ್ಡ್ ದಂಡ ಆದ್ಮೇಲೆ ಹಳೇ ಬೀರು ಬಾಗಿಲು ಕೈ ಹಿಡೀತು (ನನ್ನ ಅನುಭವ)

ನಮ್ಮದು ಹಾಸನದಲ್ಲಿ ಒಂದು ಜೆರಾಕ್ಸ್ ಅಂಗಡಿ. ಡಿಟಿಪಿ, ಲ್ಯಾಮಿನೇಷನ್, ಸ್ಕೂಲ್ ಐಡಿ ಕಾರ್ಡು, ಎಲ್ಲಾ ಮಾಡ್ತೀನಿ. ಅದಕ್ಕೇ ಆಟಿಸಂ ಇರೋ ಮಗ ಚಿನ್ನುಗೆ ದಿನದ ಕೆಲಸ ತಿಳಿಸೋಕೆ, ಅವನು ಬೇಕಾದ್ದು ಕೇಳೋಕೆ ಚಿತ್ರದ ಕಾರ್ಡ್ ಮಾಡಿ ಅಂದಾಗ ಒಳಗೊಳಗೇ ಖುಷಿ ಆಗಿತ್ತು, ಬೇರೆ ಅಪ್ಪಂದಿರು ಲ್ಯಾಮಿನೇಷನ್ ಮಾಡ್ಸೋಕೆ ಅಂಗಡಿ ಹುಡುಕ್ಬೇಕು, ನಂದೇ ಮಿಷನ್ ಇದೆ, ಒಂದ್ ರಾತ್ರೀಲಿ ಮುಗಿಸ್ತೀನಿ ಅಂತ. ಒಂದ್ ರಾತ್ರೀಲೇ ಮುಗಿಸ್ದೆ ಕೂಡ. ಆಮೇಲೆ ಹೆಚ್ಚುಕಮ್ಮಿ ಒಂದೂವರೆ ವರ್ಷ ಅದರಲ್ಲಿ ಒಂದೂ ಕೆಲಸಕ್ಕೆ ಬರ್ಲಿಲ್ಲ.

ಈಗ ಬೇರೆ ಕಾರ್ಡ್ ಮಾಡ್ಕೊಂಡು ಕೆಲಸಕ್ಕೆ ಬರ್ತಿದೆ. ಚಿನ್ನುಗೆ ಒಂಬತ್ತು ತುಂಬಿದೆ. ಇವೆಲ್ಲ ಆಗೋ ಮಾತಲ್ಲ ಅಂತಿದ್ದೋರೇ ಈಗ "ನೀವು ಹೇಗೆ ಮಾಡಿದ್ರಿ" ಅಂತ ಫೋನ್ ಮಾಡ್ತಾರೆ, ಒಬ್ಬೊಬ್ಬರಿಗೂ ಮುಕ್ಕಾಲು ಗಂಟೆ ಹೇಳೋ ಬದಲು ಬರ್ದುಬಿಡೋಣ ಅಂತ ಕೂತೆ. ವೇಳಾಪಟ್ಟಿ (ದಿನದ ಕೆಲಸಗಳು ಚಿತ್ರದಲ್ಲಿ ಸಾಲಾಗಿ), ಪೆಕ್ಸ್ (ಬೇಕಾದ್ದರ ಚಿತ್ರ ಕೈಗೆ ಕೊಟ್ಟು ಕೇಳೋದು), ಮೊದಲು-ಆಮೇಲೆ ಬೋರ್ಡ್ (ಮೊದಲು ಈ ಕೆಲಸ, ಆಮೇಲೆ ಇಷ್ಟದ್ದು) ಇವುಗಳ ಬಗ್ಗೆ ಉದ್ದಕ್ಕೆ ಬರೆಯಲ್ಲ, ಇಂಥ ಮಗು ಮನೇಲಿರೋರಿಗೆ ಅದೆಲ್ಲ ಕಂಠಪಾಠ.

ಮೈಸೂರಿನ ವಾಕ್ ಶ್ರವಣ ಸಂಸ್ಥೇಲಿ ಆಟಿಸಂ ಅಂತ ಗೊತ್ತಾಗಿದ್ದು 2019ರ ಕೊನೇಲಿ, ಅವನಿಗಾಗ ಮೂರೂವರೆ. ನಮ್ಮಮ್ಮ ಅಂತೂ "ನಿಮ್ಮಪ್ಪನೂ ಐದು ವರ್ಷಕ್ಕೇ ಬಾಯಿ ಬಿಟ್ಟಿದ್ದು, ಸುಮ್ನಿರು" ಅಂತಿದ್ರು. ಇಲ್ಲೇ ಒಂದು ಕಡೆ ಥೆರಪಿಗೆ ಸೇರಿಸಿದ್ವಿ, ಒಂದು ಸಲಕ್ಕೆ ನಾನೂರೋ ನಾನೂರೈವತ್ತೋ, ಮೂರು ತಿಂಗಳು ಹೋಗೋಷ್ಟರಲ್ಲಿ 2020ರ ಮಾರ್ಚು, ಲಾಕ್‌ಡೌನು, ಥೆರಪಿನೂ ಬಂದ್ ಅಂಗಡೀನೂ ಬಂದ್. ಆಗ ಕೂತು ಮಾಡ್ದೆ ನೋಡಿ 160 ಕಾರ್ಡು. ಇಂಟರ್‌ನೆಟ್ಟಲ್ಲಿ ಸಿಕ್ಕ ಚಂದದ ಚಿತ್ರಗಳು, ಕೆಳಗೆ ಕನ್ನಡದಲ್ಲಿ ನುಡಿ ಫಾಂಟಲ್ಲಿ ಹೆಸರು, 250 ಮೈಕ್ರಾನ್ ಪೌಚಲ್ಲಿ ದಪ್ಪ ಲ್ಯಾಮಿನೇಷನ್ನು, ಹಿಂದೆ ವೆಲ್ಕ್ರೋ. ಗೋಡೆಗೆ ಬೆಳಗ್ಗೆ ಎದ್ದಲ್ಲಿಂದ ರಾತ್ರಿ ಮಲಗೋವರೆಗೆ ಹದಿನೆಂಟು ಸಾಲಿನ ವೇಳಾಪಟ್ಟಿ. ನೋಡ್ದೋರೆಲ್ಲ ಆಹಾ ಅಂದ್ರು. ನೋಡ್ಬೇಕಾದವನು ನೋಡ್ಲಿಲ್ಲ.

ಯಾಕೆ ನೋಡ್ತಾನೆ ಹೇಳಿ. ಸ್ನಾನ ಅನ್ನೋ ಕಾರ್ಡಲ್ಲಿ ನೊರೆ ತುಂಬಿದ ತೊಟ್ಟೀಲಿ ಬಿಳೀ ಮಗು ಮಲಗಿದೆ, ನಮ್ಮ ಬಚ್ಚಲಲ್ಲಿರೋದು ಹಂಡೆ, ನೀಲಿ ಬಕೆಟ್ಟು, ಚೊಂಬು. ತಿಂಡಿ ಅನ್ನೋ ಕಾರ್ಡಲ್ಲಿ ಬ್ರೆಡ್ಡು ಮೊಟ್ಟೆ, ನಮ್ಮನೇಲಿ ಅಕ್ಕಿರೊಟ್ಟಿ. ಸ್ಕೂಲ್ ಬಸ್ಸು ಹಳದಿ, ಅವನು ಹುಟ್ಟಿದಾಗಿಂದ ಹತ್ತಿರೋದು ಕೆಂಪು ಬಸ್ಸು. ಅವನ ಪಾಲಿಗೆ ಅದು ಯಾರದೋ ಮನೆ ಆಲ್ಬಂ.

ಅದಕ್ಕಿಂತ ನನಗೆ ಅವಮಾನ ಆಗಿದ್ದು ನನ್ನ ಕಸುಬಿನ ವಿಷಯದಲ್ಲೇ. ಹೊಳೆಯೋ ಲ್ಯಾಮಿನೇಷನ್ ಹಾಕಿದ್ನಲ್ಲ, ಅವನು ಕಾರ್ಡನ್ನ ಕಣ್ಣಿನ ಹತ್ರ ಓರೆ ಹಿಡ್ಕೊಂಡು ಟ್ಯೂಬ್‌ಲೈಟ್ ಬೆಳಕು ಅದರ ಮೇಲೆ ಜಾರೋದನ್ನ ನೋಡ್ತಾ ಕೂರ್ತಿದ್ದ, ಅರ್ಧ ಗಂಟೆ ಬೇಕಾದ್ರೂ. ನಾವು "ಅಬ್ಬಾ, ಕಾರ್ಡ್ ನೋಡ್ತಿದಾನೆ" ಅಂತ ವಿಡಿಯೋ ಮಾಡಿ ಮಾವನವರಿಗೆ ಕಳಿಸಿದ್ವಿ! ಅವನು ನೋಡ್ತಿದ್ದಿದ್ದು ಬೆಳಕನ್ನ, ಚಿತ್ರಾನ ಅಲ್ಲ. ಮೂಲೆಗಳು ಬೇರೆ ಚೂಪು, ಬಾಯಿಗಿಟ್ಟು ಕಚ್ಚಿ ತುಟಿ ಕುಯ್ಕೊಂಡ. ಐಡಿ ಕಾರ್ಡ್ ಡೈ ಕಟರ್ ಮೇಜಿನ ಮೇಲೇ ಇತ್ತು, ಮೂಲೆ ಗುಂಡಗೆ ಮಾಡೋಕೆ ಹೊಳೀಲಿಲ್ಲ ನಂಗೆ. ವೆಲ್ಕ್ರೋ ಕಥೆ ಇನ್ನೊಂದು, ಆ ಪರ್ರ್ ಅನ್ನೋ ಸದ್ದು ಅವನಿಗೆ ಪ್ರಾಣ, ಕಿತ್ತು ಅಂಟಿಸಿ ಕಿತ್ತು ಅಂಟಿಸಿ ಅದೇ ಒಂದು ಆಟ ಆಯ್ತು, ಏಪ್ರಿಲ್ ಬಿಸಿಲಿಗೆ ಗಮ್ ಕರಗಿ ಕಾರ್ಡೆಲ್ಲ ಕೆಳಗೆ. ಪೌಚು, ಇಂಕು, ವೆಲ್ಕ್ರೋ ಸೇರಿ ನಾಲ್ಕೂವರೆ ಸಾವಿರ ಹೋಗಿರ್ಬೇಕು, ನನ್ನ ನಿದ್ದೆ ಲೆಕ್ಕ ಬಿಟ್ಟು.

ಆಮೇಲೆ ಇನ್ನೊಂದು ದಂಡ, ಬೆಂಗಳೂರಲ್ಲಿ ಒಂದು ಕಡೆ ರೆಡಿ ಕಿಟ್ ಕೊಟ್ರು, ಆರೂವರೆ ಸಾವಿರ. ಮನೆಗೆ ತಂದು ಬಿಚ್ಚಿದ್ರೆ ನಾನು ಡೌನ್‌ಲೋಡ್ ಮಾಡಿದ್ದ ಅದೇ ಚಿತ್ರಗಳು, ಅದೇ ನೊರೆ ತೊಟ್ಟಿ. ಲ್ಯಾಮಿನೇಷನ್ ನಂದೇ ಚೆನ್ನಾಗಿತ್ತು.

ಸರಿ, ಎಲ್ಲ ಅಟ್ಟಕ್ಕೆ ಹಾಕಿ ಹೊಸದಾಗಿ ಶುರು ಮಾಡ್ದೆ, ಈ ಸಲ ಕಾರ್ಡೇ ಇಲ್ಲ. ಸ್ನಾನಕ್ಕೆ ಮುಂಚೆ ಅವನ ಕೈಗೆ ಚೊಂಬು, ಹೊರಗೆ ಹೋಗೋಕೆ ಮುಂಚೆ ಅವನ ಚಪ್ಪಲಿ, ಊಟಕ್ಕೆ ಅವನ ತಟ್ಟೆ. ಬರೀ ಮೂರು. ಒಂದು ಹದಿನೈದು-ಇಪ್ಪತ್ತು ದಿನಕ್ಕೆ ಚೊಂಬು ಕೈಗೆ ಬಂದ ತಕ್ಷಣ ಬಚ್ಚಲ ಕಡೆ ತಿರುಗೋಕೆ ಶುರು ಮಾಡ್ದ, ಅಷ್ಟರವರೆಗೆ ಎತ್ಕೊಂಡೇ ಹೋಗ್ಬೇಕಿತ್ತು. ಆಮೇಲೆ ಅದೇ ಚೊಂಬಿನ ಫೋಟೋ. ಇಲ್ಲೊಂದು ಎಡವಟ್ಟು, ಫೋಟೋ ತೆಗ್ಯೋವಾಗ ಚೊಂಬನ್ನ ಕೆಂಪು ಟವಲ್ ಮೇಲಿಟ್ಟಿದ್ದೆ. ಕಾರ್ಡ್ ಕೊಟ್ರೆ ಅವನು ಬಚ್ಚಲಿಗೆ ಹೋಗ್ದೆ ಹಿತ್ತಲಿಗೆ ಓಡ್ತಾನೆ. ನಾಲ್ಕು ದಿನ ತಲೆ ಕೆಡಿಸ್ಕೊಂಡ್ವಿ. ಕೊನೆಗೆ ನನ್ ಹೆಂಡ್ತೀನೇ ಕಂಡುಹಿಡಿದಿದ್ದು, ಟವಲ್ ಒಣಗ್ತಿದ್ದಿದ್ದು ಹಿತ್ತಲ ತಂತಿ ಮೇಲೆ. ನಮಗೆ ಕಂಡಿದ್ದು ಚೊಂಬು, ಅವನಿಗೆ ಕಂಡಿದ್ದು ಕೆಂಪು. ಅವತ್ತಿಂದ ಬಿಳೀ ಹಾಳೆ ಮೇಲಿಟ್ಟೇ ಫೋಟೋ, ಹಿಂದೆ ಏನೂ ಇರ್ಬಾರ್ದು. ಬಸ್ಸಿಗೆ ಮಾತ್ರ ಉಲ್ಟಾ ಆಯ್ತು, ಒಂದೇ ಬಸ್ಸಿನ ಫೋಟೋ ಹಾಕಿದ್ದಕ್ಕೆ ಅದೇ ನಂಬರ್ ಬಸ್ಸೇ ಬರ್ಬೇಕು ಅಂತ ಸ್ಟ್ಯಾಂಡಲ್ಲಿ ಉರುಳಾಡಿದ. ಹಾಗಾಗಿ ಬಸ್ಸಿಗೆ, ಡಾಕ್ಟರಿಗೆ, ಅಂಗಡಿಗೆ ಗೆರೆ ಚಿತ್ರ, ಮನೆ ಸಾಮಾನಿಗೆ ಫೋಟೋ, ಇದು ನಮ್ಮ ಪದ್ಧತಿ.

ಈಗ ಬೀರು ವಿಷಯ. ವೆಲ್ಕ್ರೋ ಬಿಟ್ಟು ಏನು ಅಂತ ಯೋಚಿಸ್ತಿದ್ದಾಗ ಮೊದಲು ಗುಂಡು ಮ್ಯಾಗ್ನೆಟ್ ತಂದೆ, ತಂದ ದಿನಾನೇ ಎಸೆದೆ, ಆ ಚಿಕ್ಕ ಮ್ಯಾಗ್ನೆಟ್ ಎರಡು ನುಂಗಿದ್ರೆ ಕರುಳಲ್ಲಿ ಒಂದಕ್ಕೊಂದು ಅಂಟ್ಕೊಂಡು ಆಪರೇಷನ್ ಆಗುತ್ತೆ, ದಯವಿಟ್ಟು ಯಾರೂ ಆ ಪ್ರಯೋಗ ಮಾಡ್ಬೇಡಿ. ಅವೆನ್ಯೂ ರೋಡಿಂದ ಮ್ಯಾಗ್ನೆಟ್ ಶೀಟ್ ತರಿಸ್ದೆ, ರಬ್ಬರ್ ತರ ಇರುತ್ತಲ್ಲ ಅದು, ತೆಳುವಿನದು ಜಾರಿ ಬೀಳುತ್ತೆ, ಸ್ವಲ್ಪ ದಪ್ಪದ್ದೇ ಬೇಕು. ಜೊತೆಗೆ ಮ್ಯಾಟ್ ಪೌಚು. ಬೋರ್ಡಿಗೆ ದುಡ್ಡೇ ಇಲ್ಲ, ಅಮ್ಮನ ಮದುವೆ ಕಾಲದ ಕಬ್ಬಿಣದ ಬೀರು ನಡುಮನೇಲಿ ಇತ್ತು, ಅದರ ಎಡಗಡೆ ಬಾಗಿಲೇ ಬೋರ್ಡು. ಅಮ್ಮ ಬಾಗಿಲು ತೆಗೆದಾಗೆಲ್ಲ ಅವತ್ತಿನ ದಿನಚರಿ ಗೋಡೆ ಕಡೆ ತಿರುಗ್ತಿತ್ತು, ಅದಕ್ಕೊಂದು ಜಗಳ ಆಗಿ ಅವರ ಸೀರೆಗಳು ಬಲಗಡೆಗೆ ಹೋದ್ವು. ಹದಿನೆಂಟು ಸಾಲು ಇಲ್ಲ, ಒಂದು ಹೊತ್ತಿಗೆ ನಾಲ್ಕೇ ಕಾರ್ಡು. ಮುಗಿದಿದ್ದನ್ನ ಅವನೇ ಕಿತ್ತು ಹಳೇ ಬಿಸ್ಕತ್ ಡಬ್ಬಿಗೆ ಹಾಕ್ಬೇಕು, ತಗಡಿನ ಡಬ್ಬಿಗೆ ಬಿದ್ದಾಗ ಟಣ್ ಅನ್ನುತ್ತೆ, ಆ ಟಣ್‌ಗೋಸ್ಕರವೇ ಹಲ್ಲುಜ್ಜಿ ಮುಗಿಸ್ತಿದ್ದ ಅಂತ ನನ್ನ ಅನುಮಾನ.

ಬಚ್ಚಲೊಳಗಿನ ಕಾರ್ಡ್‌ಗಳು ನೀರಲ್ಲಿ ಎರಡು ವರ್ಷದಿಂದ ಇವೆ, ಇನ್ನೂ ಅಂಚು ಬಿಟ್ಟಿಲ್ಲ. ಅದು ಹೇಗೆ ಅಂತ ಕೇಳ್ಬೇಡಿ, ಅದು ಅಂಗಡಿ ಗುಟ್ಟು, ಹೊಟ್ಟೆಪಾಡು.

ಬೇಕಾದ್ದನ್ನ ಕೇಳೋ ಕಾರ್ಡು, ಅದೇ ಪೆಕ್ಸ್, ಶುರು ಮಾಡಿದ್ದು ಕೋಡುಬಳೆಯಿಂದ. ಮುಂದೆ ಅಮ್ಮ ಕೋಡುಬಳೆ ಚೂರು ಹಿಡ್ಕೊಂಡು, ಹಿಂದೆ ನನ್ ಹೆಂಡ್ತಿ ಬಾಯಿ ಬಿಡ್ದೆ ಅವನ ಕೈ ಹಿಡಿದು ಕಾರ್ಡ್ ಕೊಡಿಸೋದು. ಅಮ್ಮನ ಬಾಯಿ ಮುಚ್ಚಿಸೋದೇ ದೊಡ್ಡ ಕೆಲಸ ಆಯ್ತು, "ಏನ್ ಬೇಕು ಬಂಗಾರ, ಏನ್ ಬೇಕು ಹೇಳು" ಅಂತ ಪ್ರತಿ ಸಲ. ಒಂದು ತಿಂಗಳಾದ್ಮೇಲೆ ಗೊತ್ತಾಯ್ತು, ಯಾರಾದ್ರೂ "ಏನ್ ಬೇಕು" ಅನ್ನೋವರೆಗೂ ಅವನು ಕಾರ್ಡ್ ಮುಟ್ಟೋದೇ ಇಲ್ಲ, ಆ ಮಾತೇ ಸ್ವಿಚ್ ಆಗೋಗಿದೆ. ಮತ್ತೆ ಮೊದಲಿಂದ. ಅಮ್ಮ ಬಾಯಿಗೆ ಎಲೆಅಡಿಕೆ ಹಾಕ್ಕೊಂಡು ಕೂರೋಕೆ ಶುರು ಮಾಡಿದ್ರು, ತಮಾಷೆ ಅಲ್ಲ, ಅದೇ ಕೆಲಸ ಮಾಡ್ತು. "ಚಿತ್ರ ಕೊಡೋದು ಕಲಿತ್ರೆ ಮಾತೇ ಆಡಲ್ಲ" ಅಂತ ಊರೆಲ್ಲ ಹೆದರಿಸ್ತಿತ್ತು, ಇದರ ಬಗ್ಗೆ ನಡೆದಿರೋ ಅಧ್ಯಯನಗಳಲ್ಲಿ ಹಾಗೇನೂ ಕಂಡಿಲ್ಲ, ಥೆರಪಿಸ್ಟೇ ಹೇಳಿದ್ರು. ನಮ್ಮವನು ಏಳನೇ ತಿಂಗಳಿಗೋ ಎಂಟಕ್ಕೋ ಕಾರ್ಡ್ ಕೊಡ್ತಾ "ಕೋಬ್ಳೆ" ಅಂದ. ಅಮ್ಮ ಪೂರ್ತಿ ಡಬ್ಬ ಅವನ ಮುಂದೆ ಸುರಿದ್ರು, ಹಾಗ್ ಮಾಡ್ಬಾರ್ದು, ಆದ್ರೆ ಅವತ್ತು ಯಾರು ತಡೀತಾರೆ.

ನನ್ನ ಕೈಯಾರೆ ಹಾಳು ಮಾಡಿದ್ದು ಮೊದಲು-ಆಮೇಲೆ ಬೋರ್ಡು. ಮೊದಲು ಬರೆಯೋದು, ಆಮೇಲೆ ಮೊಬೈಲು. ಎರಡು ವಾರ ಅದ್ಭುತ. ಒಂದಿನ ಬರೆದು ಮುಗಿಸಿ ಬಂದ, ನೆಂಟರು ಬಂದಿದ್ರು, "ಆಮೇಲೆ ಕೊಡ್ತೀನಿ ಮರಿ" ಅಂದೆ. ಅವನು ಬೋರ್ಡ್ ತಂದು ನನ್ನ ತೊಡೆ ಮೇಲಿಟ್ಟು ಮೊಬೈಲ್ ಚಿತ್ರದ ಮೇಲೆ ಬೆರಳಿಟ್ಟ. ನಾನು ಬೋರ್ಡ್ ತೆಗೆದು ಪಕ್ಕಕ್ಕಿಟ್ಟೆ. ಅಷ್ಟೇ. ಆಮೇಲೆ ಮೂರು ವಾರ ಆ ಬೋರ್ಡ್ ಕಂಡ್ರೆ ಬಿಸಾಕ್ತಿದ್ದ, ಬೀರು ಕಡೆಗೂ ಬರ್ತಿರ್ಲಿಲ್ಲ. ಎಲ್ಲರೂ ಕಾರ್ಡ್‌ನ ಮಗು ಮಾತು ಕೇಳ್ಲಿ ಅಂತ ಮಾಡ್ತಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಅದು ನಾವು ಬರೆದುಕೊಟ್ಟ ಚೀಟಿ, ಕಡ ತಗೊಂಡವನು ನಾನು.

ಹಾಗಂತ ನಮ್ಮ ಊರಲ್ಲಿ ಹೇಳಿದ್ದು ಹೇಳಿದಂಗೆ ನಡೀಯುತ್ತಾ? ಕರೆಂಟ್ ಹೋಗುತ್ತೆ, ಬಸ್ ಬರಲ್ಲ. ಅದಕ್ಕೆ ಒಂದು ಕೇಸರಿ ಬಣ್ಣದ "ಬದಲು" ಕಾರ್ಡ್ ಮಾಡ್ದೆ. ಇದನ್ನ ಕಲಿಸೋವಾಗ ಬೇಜಾರಿನ ಬದಲಾವಣೆಯಿಂದ ಶುರು ಮಾಡಿದ್ರೆ ಕೆಟ್ಟಿರಿ. ನಾವು ಬರೆಯೋದರ ಮೇಲೆ ಬದಲು ಅಂಟಿಸಿ ಐಸ್‌ಕ್ರೀಮ್ ಹಾಕ್ತಿದ್ವಿ, ಹಲ್ಲುಜ್ಜೋದರ ಮೇಲೆ ಬದಲು ಅಂಟಿಸಿ ಉಯ್ಯಾಲೆ. ಇಪ್ಪತ್ತು ಸಲ ಒಳ್ಳೇದಾದ್ಮೇಲೆ ಒಂದ್ಸಲ ಟಿವಿ ಬದಲು ಕರೆಂಟ್ ಇಲ್ಲ. ಅತ್ತ, ಆದ್ರೆ ತಲೆ ಚಚ್ಕೊಳ್ಲಿಲ್ಲ.

ಕಟಿಂಗ್ ಬಗ್ಗೆ ಎಲ್ಲರೂ ಕೇಳ್ತಾರೆ. ಅಲ್ಲಿವರೆಗೆ ಅವನು ನಿದ್ದೆ ಮಾಡ್ವಾಗ ಕತ್ತರೀಲಿ ನಾವೇ ಕತ್ತರಿಸ್ತಿದ್ವಿ, ಒಂದು ಕಡೆ ಗುಡ್ಡ ಒಂದು ಕಡೆ ಬಯಲು. ನಮ್ಮ ಬೀದಿ ಸಲೂನ್ ಅಣ್ಣನ ಹತ್ರ ಮಾತಾಡಿ ಮಂಗಳವಾರ, ಅವರ ರಜೆ ದಿನ, ಅರ್ಧ ಶಟರ್ ಎತ್ತಿಸಿ ಒಂಬತ್ತು ಫೋಟೋ ತೆಗೆದೆ, ಬಾಗಿಲು, ಕುರ್ಚಿ, ಬಟ್ಟೆ, ನೀರಿನ ಪಿಚಕಾರಿ, ಕತ್ತರಿ, ಹೀಗೆ. ಐದು ಮಂಗಳವಾರ ಬರೀ ಹೋಗಿ ಕೂತು ಬಂದ್ವಿ, ಒಂದೊಂದು ವಾರ ಒಂದೋ ಎರಡೋ ಕಾರ್ಡ್ ಮುಂದೆ. ಅಣ್ಣನಿಗೆ ಪ್ರತಿ ಸಲ ಇನ್ನೂರು ಕೊಟ್ಟೆ, ಕೂದಲು ಮುಟ್ಟದೇ ದುಡ್ಡು ತಗೊಳ್ಳೋಕೆ ಅವರಿಗೇ ನಾಚಿಕೆ. ಆರನೇ ವಾರ ಪೂರ್ತಿ ಕಟಿಂಗ್. ಅದರಲ್ಲಿ ಇನ್ನೆಷ್ಟು ಹೊತ್ತು ಅಂತ ತೋರಿಸೋಕೆ ಐದು ಚುಕ್ಕಿ ಪಟ್ಟಿ ಅಂತ ಒಂದಿದೆ, ಒಂದೊಂದೇ ಚುಕ್ಕಿ ಕಿತ್ಕೊಂಡು ಬಂದು ಕೊನೇದು ಕಿತ್ತಾಗ ಮುಗೀತು. ಫಾರಿನ್ ಟೈಮರ್‌ಗೆ ಸಾವಿರಗಟ್ಟಲೆ ಯಾಕೆ, ಗಡಿಯಾರ ನಮ್ಮ ಮಾತು ಕೇಳಲ್ಲ, ಚುಕ್ಕಿ ಕೇಳುತ್ತೆ. ಆದ್ರೆ ಕೊನೆ ಎರಡು ಚುಕ್ಕಿ ಯಾವಾಗ ಕೀಳ್ಬೇಕು ಅನ್ನೋದರಲ್ಲೇ ಎಲ್ಲ ಇರೋದು, ಅದನ್ನ ಮನೆಗೆ ಬಂದ್ರೆ ತೋರಿಸ್ತೀನಿ, ಬರೆಯೋಕಾಗಲ್ಲ.

ಮಧ್ಯೆ ಟ್ಯಾಬ್ ಪ್ರಯೋಗಾನೂ ಆಯ್ತು, ಚೆನ್ನೈನವರ ಅವಾಜ್ ಆಪ್ ನೋಡಿದ್ವಿ, ಆಪ್ ತಪ್ಪಲ್ಲ, ನಮ್ಮನೇಲಿ ಟ್ಯಾಬ್ ಅಂದ್ರೆ ಯೂಟ್ಯೂಬ್ ಅಂತ ಅವನ ತಲೇಲಿ ಮೊದಲೇ ಕೂತಿತ್ತು. ಬರೀ ಮಾತಿಗೇ ಅಂತ ಬೇರೆ ಟ್ಯಾಬ್ ಇಟ್ಟಿದ್ರೆ ಆಗ್ತಿತ್ತೇನೋ, ಹನ್ನೆರಡು ಸಾವಿರ ಆಗ ಇರ್ಲಿಲ್ಲ.

ಸ್ಕೂಲಲ್ಲಿ ಹೆಡ್‌ಮಾಸ್ಟ್ರು ಮೊದಲು "ಒಬ್ಬನಿಗೋಸ್ಕರ ಗೋಡೆಗೆಲ್ಲ ಚಿತ್ರ ಅಂಟಿಸೋಕಾಗಲ್ಲ" ಅಂದ್ರು. ಜಗಳ ಆಡ್ಲಿಲ್ಲ. 2016ರ ಅಂಗವಿಕಲರ ಹಕ್ಕು ಕಾಯ್ದೇಲಿರೋ 21 ಅಂಗವೈಕಲ್ಯಗಳ ಪಟ್ಟೀಲಿ ಆಟಿಸಂ ಇರೋ ಪುಟ, ಸ್ಕೂಲಿನವರು ಏನು ಅನುಕೂಲ ಮಾಡ್ಕೊಡ್ಬೇಕು ಅನ್ನೋ ಪುಟ, ಎರಡನ್ನೂ ಕಲರ್ ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡ್ ಮಾಡಿ, ಚಹಾ ಕುಡೀತಾ ಕೊಟ್ಟು ಬಂದೆ. ಜೆರಾಕ್ಸ್ ಅಂಗಡಿ ಇಟ್ಟಿರೋದು ಮತ್ಯಾಕೆ. ಈಗ ಕ್ಲಾಸಲ್ಲಿ ನಮ್ಮ ನಾಲ್ಕು ಕಾರ್ಡಿನ ಪಟ್ಟಿ ಇದೆ, ಮಿಸ್ ಹೇಳೋ ಪ್ರಕಾರ ಉಳಿದ ಮಕ್ಕಳೂ "ಈಗ ಯಾವ ಪಿರಿಯಡ್" ಅಂತ ಅದನ್ನೇ ನೋಡ್ತಾವಂತೆ.

ಎರಡನೇ ಸುತ್ತಿನ ಖರ್ಚು ಮ್ಯಾಗ್ನೆಟ್ ಶೀಟು, ಮ್ಯಾಟ್ ಪೌಚು ಎಲ್ಲ ಸೇರಿ ಒಂದು ಸಾವಿರದ ಎಂಟುನೂರು ಇರಬಹುದು, ಇವತ್ತಿಗೆ ಬಳಕೇಲಿರೋದು ನಲವತ್ತರ ಆಸುಪಾಸು ಕಾರ್ಡು. ಆಗದೇ ಇರೋದೂ ಇದೆ. ಹಾಸನಾಂಬೆ ಬಾಗಿಲು ತೆಗೆದಾಗ "ಸಾಲು" ಅಂತ ಕಾರ್ಡ್ ಮಾಡ್ಕೊಂಡು ಹೋದ್ವಿ, ನಲವತ್ತು ನಿಮಿಷ ನಿಂತ, ನಾವು ಅಂದ್ಕೊಂಡಿದ್ದಕ್ಕಿಂತ ಜಾಸ್ತೀನೇ, ಆಮೇಲೆ ಯಾವ ಚುಕ್ಕಿಗೂ ಜಗ್ಗಲಿಲ್ಲ, ದರ್ಶನ ಇಲ್ದೆ ವಾಪಸ್ ಬಂದ್ವಿ. ಮುಂದಿನ ವರ್ಷಕ್ಕೆ ನೋಡೋಣ.

ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಾನು ಎದ್ದು ಬಂದಾಗ ಅವನು ಬೀರು ಮುಂದೆ ನಿಂತಿದ್ದ. ರಾತ್ರಿ ನಾನು ಹಾಕಿಟ್ಟಿದ್ದ ಎಣ್ಣೆ ಸ್ನಾನದ ಕಾರ್ಡ್ ಮೇಲೆ ಕೇಸರಿ "ಬದಲು" ಅಂಟಿಸಿದ್ದ, ಪಕ್ಕಕ್ಕೆ ಡಬ್ಬಿಯಿಂದ ಹುಡುಕಿ ರೈಲಿನ ಕಾರ್ಡ್ ತಂದು ಹಾಕಿದ್ದ, ಸ್ವಲ್ಪ ಸೊಟ್ಟಗೆ. "ಬದಲು" ಕಾರ್ಡ್ ಮುಟ್ಟೋದು ನಾವು ಮಾತ್ರ ಅಂದ್ಕೊಂಡಿದ್ವಿ. ಅಮ್ಮ ಎಣ್ಣೆ ಬಿಸಿ ಮಾಡಿ ತಂದಿದ್ರು, ನೋಡಿ ವಾಪಸ್ ಒಳಗಿಟ್ರು. ಹಲ್ಲು ಕೂಡ ಉಜ್ಜಿಸ್ದೆ ಸ್ಟೇಷನ್ನಿಗೆ ಹೋಗಿ ಇಬ್ರೂ ಕಲ್ಲುಬೆಂಚಿನ ಮೇಲೆ ಕೂತ್ವಿ, ಮೈಸೂರು ಕಡೆ ಗಾಡಿ ಹೋಗೋವರೆಗೂ.