ಕೊಳವೆ ನೋಡಿ ತೂಬು ತೆರೆಯಿರಿ

ಪೈರಿನ ಬುಡ ಒಣಗಬಾರದು ಎಂದು ಅಪ್ಪ ಕಲಿಸಿದ್ದರು. ನಾಟಿಯಾದಂದಿನಿಂದ ಕೊಯ್ಲು ಹತ್ತಿರವಾಗುವವರೆಗೂ ಗದ್ದೆಯಲ್ಲಿ ನೀರು ಹೊಳೆಯುತ್ತಿರಬೇಕು, ಇಲ್ಲವಾದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಹಲವು ವರ್ಷ ಹಾಗೆಯೇ ಬೆಳೆದೆ. ಈಗ ಏಳು ಹಂಗಾಮುಗಳಿಂದ ನೀರು ಕೊಟ್ಟು, ಇಂಗಲು ಬಿಟ್ಟು, ಮತ್ತೆ ಕೊಡುತ್ತಿದ್ದೇನೆ. ನನ್ನದೇ ತಪ್ಪಿನ ಒಂದು ಹಂಗಾಮು ಬಿಟ್ಟರೆ ಇಳುವರಿ ಇಳಿದಿಲ್ಲ, ತೂಬು ತೆರೆಯುವ ಸರದಿಗಳು ಮಾತ್ರ ಕಡಿಮೆಯಾಗಿವೆ. ಭತ್ತದ ಬೇರಿಗೆ ಬೇಕಾದದ್ದು ಮಣ್ಣಿನೊಳಗಿನ ನೀರು. ನಾವು ಕಾಯುತ್ತಿದ್ದುದು ಮಣ್ಣಿನ ಮೇಲಿನ ನೀರನ್ನು.

ಆದರೆ ಮೊದಲ ಕೆಲಸ ಬದುವಿನದು. ಒಂದು ಹೆಕ್ಟೇರ್ ಗದ್ದೆಯಲ್ಲಿ 1 ಸೆಂಟಿಮೀಟರ್ ನೀರು ಎಂದರೆ 1 ಲಕ್ಷ ಲೀಟರ್. ಒಂದು ಏಡಿ ಬಿಲ ಅಷ್ಟನ್ನು ಸದ್ದಿಲ್ಲದೆ ಹೊರಗೆ ಹಾಕಬಲ್ಲದು. ನಾಟಿಗೆ ಮೊದಲು ಬದುವಿನ ಒಳಮೈಯನ್ನು ಸಲಿಕೆಯಿಂದ ಕೆತ್ತಿ, ಹುಲ್ಲಿನ ಬೇರು ತೆಗೆದು, ಇಲಿ ಮತ್ತು ಏಡಿಯ ಬಿಲಗಳನ್ನು ಅಗೆದು ತುಂಬಿ, ಕೆಸರು ಮೆತ್ತಿ ನುಣ್ಣಗೆ ಸವರಿ. ಬಿಲದ ಬಾಯಿಗಷ್ಟೇ ಮಣ್ಣು ತುರುಕಿದರೆ ಎರಡೇ ದಿನದಲ್ಲಿ ಮತ್ತೆ ತೆರೆದುಕೊಳ್ಳುತ್ತದೆ, ಬುಡದವರೆಗೂ ಅಗೆಯಲೇಬೇಕು. ಆಮೇಲೆ ತೂಬುಗಳನ್ನೆಲ್ಲ ಮುಚ್ಚಿ, ಗುರುತು ಹಾಕಿದ ಕೋಲೊಂದನ್ನು ಸಂಜೆ ಗದ್ದೆಯಲ್ಲಿ ನೆಟ್ಟು, ಬೆಳಿಗ್ಗೆ ನೋಡಿ. ರಾತ್ರಿ ಆವಿಯಾಗುವುದು ಅತ್ಯಲ್ಪ. ಇಳಿದಷ್ಟೂ ಇಂಗಿದ್ದು ಅಥವಾ ಸೋರಿದ್ದು. ಚೆನ್ನಾಗಿ ಕೆಸರು ಮಾಡಿದ ಜೇಡಿ ಮಣ್ಣಿನಲ್ಲಿ ದಿನಕ್ಕೆ 1ರಿಂದ 5 ಮಿಲಿಮೀಟರ್ ಇಳಿಯುವುದು ಸಹಜ. ಮರಳು ಮಣ್ಣಿನಲ್ಲಿ ಅದು 25 ಮಿಲಿಮೀಟರ್ ದಾಟಬಹುದು. ಜೇಡಿ ಮಣ್ಣಿನ ಗದ್ದೆಯಲ್ಲಿ ಒಂದೇ ರಾತ್ರಿಗೆ ಒಂದು ಸೆಂಟಿಮೀಟರ್ ಇಳಿದಿದ್ದರೆ ಬದುವಿನ ಹೊರಗಡೆ ಸುತ್ತಾಡಿ, ಒದ್ದೆ ಮಣ್ಣು ಸಿಕ್ಕಿಯೇ ಸಿಗುತ್ತದೆ.

ಗದ್ದೆಯ ಮಟ್ಟವೂ ಅಷ್ಟೇ ಮುಖ್ಯ. ಒಂದು ಮೂಲೆ ಎಂಟು ಸೆಂಟಿಮೀಟರ್ ಎತ್ತರವಿದ್ದರೆ, ಅದೊಂದನ್ನು ನೆನೆಸುವುದಕ್ಕಾಗಿ ಉಳಿದ ಗದ್ದೆಯನ್ನೆಲ್ಲ ಎಂಟು ಸೆಂಟಿಮೀಟರ್ ಮುಳುಗಿಸಬೇಕಾಗುತ್ತದೆ. ಕೆಸರಿನ ಮೇಲೆ ತೆಳುವಾಗಿ ನೀರು ಬಿಟ್ಟರೆ ಉಬ್ಬುಗಳು ತಾವೇ ತಲೆ ಎತ್ತಿ ಕಾಣುತ್ತವೆ. ಅವುಗಳನ್ನು ಹಲಗೆಯಿಂದ ತಗ್ಗಿಗೆ ಎಳೆಯಿರಿ. ಒಂದು ದಿನ ಹೆಚ್ಚು ಹಿಡಿದರೂ ಈ ಕೆಲಸದಲ್ಲಿ ಅವಸರ ಮಾಡಬೇಡಿ.

ಇನ್ನು ಕೊಳವೆ. ಫಿಲಿಪ್ಪೀನ್ಸ್‌ನಲ್ಲಿರುವ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಕೆಗೆ ತಂದ, ಮಣ್ಣಿನೊಳಗಿನ ನೀರಿನ ಮಟ್ಟ ತೋರಿಸುವ ಸರಳ ಸಾಧನ ಇದು. 30 ಸೆಂಟಿಮೀಟರ್ ಉದ್ದದ, 10ರಿಂದ 15 ಸೆಂಟಿಮೀಟರ್ ಅಗಲದ ಪಿವಿಸಿ ಕೊಳವೆ ಸಾಕು, ದಪ್ಪ ಬಿದಿರೂ ಆದೀತು. ಕೆಳಗಿನ ಅರ್ಧಕ್ಕೆ ಸುತ್ತಲೂ ಸಣ್ಣ ತೂತುಗಳನ್ನು ಕೊರೆದು, ಆ ಅರ್ಧವನ್ನು ಮಣ್ಣಿನೊಳಗೆ ಒತ್ತಿ. ಒಳಗಿನ ಮಣ್ಣನ್ನು ಕೈಯಿಂದ ಬುಡದವರೆಗೂ ತೆಗೆಯಿರಿ. ಒಳಗಿನ ನೀರು ಹೊರಗಿನ ನೀರಿನ ಮಟ್ಟಕ್ಕೆ ಬಂದು ನಿಲ್ಲಬೇಕು. ನಿಲ್ಲದಿದ್ದರೆ ತೂತುಗಳು ಕಟ್ಟಿಕೊಂಡಿವೆ, ಕಿತ್ತು ತೊಳೆದು ಮತ್ತೆ ಹೂಡಿ. ದಿನವೂ ನೋಡಲು ಅನುಕೂಲವಾಗುವಂತೆ ಬದುವಿನ ಹತ್ತಿರವಿರಲಿ, ಆದರೆ ಗದ್ದೆಯ ಸರಾಸರಿ ಮಟ್ಟದಲ್ಲಿರಲಿ. ಮೊದಲ ವರ್ಷ ನಾನು ಎತ್ತರದ ಜಾಗದಲ್ಲಿ ಹೂಡಿದ್ದೆ. ಕೊಳವೆ ಬೇಗ ಬರಿದಾಗುತ್ತಿತ್ತು, ಗದ್ದೆ ಹಸಿಯಾಗಿದ್ದರೂ ನೀರು ಬಿಡುತ್ತಿದ್ದೆ.

ನಾಟಿಯಾಗಿ ಎರಡು ವಾರ ತೆಳುವಾಗಿ ನೀರು ನಿಲ್ಲಿಸಿ. ಕಳೆ ಹೆಚ್ಚಿದ್ದರೆ ಮೂರು ವಾರ. ಕಳೆಯನ್ನು ಅಡಗಿಸುವುದರಲ್ಲಿ ನಿಂತ ನೀರಿಗೆ ಸಾಟಿಯಿಲ್ಲ, ಇದನ್ನು ಒಪ್ಪಲೇಬೇಕು. ಆನಂತರ 5 ಸೆಂಟಿಮೀಟರ್ ನೀರು ಕೊಟ್ಟು ಸುಮ್ಮನಿರಿ. ಕೊಳವೆಯೊಳಗೆ ನೀರು ಮಣ್ಣಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ 5 ಸೆಂಟಿಮೀಟರ್ ಕೊಡಿ. ಮೊದಲ ಸಲ ಮಾಡುವವರಿಗೆ ಧೈರ್ಯ ಸಾಲದು. ಹತ್ತು ಸೆಂಟಿಮೀಟರ್ ಇಳಿದಾಗಲೇ ನೀರು ಕೊಡಿ, ಮುಂದಿನ ಹಂಗಾಮಿಗೆ ಹದಿನೈದಕ್ಕೆ ಹೋಗಿ. ಯೂರಿಯಾವನ್ನು ನೀರಿಲ್ಲದ ಮಣ್ಣಿಗೆ ಎರಚಿ, ತಕ್ಷಣ ತೂಬು ತೆರೆಯಿರಿ. ನೀರಿನೊಂದಿಗೆ ಗೊಬ್ಬರವೂ ಬೇರಿನತ್ತ ಇಳಿಯುತ್ತದೆ.

ಒಂದು ಹಂತದಲ್ಲಿ ಮಾತ್ರ ಈ ಲೆಕ್ಕ ಬೇಡ. ಹೂವಾಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ 5 ಸೆಂಟಿಮೀಟರ್ ನೀರು ನಿಂತೇ ಇರಬೇಕು. ಮೂರನೆಯ ಹಂಗಾಮಿನಲ್ಲಿ ತೆನೆ ಹೊರಬರುತ್ತಿದ್ದರೂ ಕೊಳವೆಯನ್ನೇ ನಂಬಿ ನಾಲ್ಕು ದಿನ ಕಾದೆ. ಗದ್ದೆಯ ಮೇಲ್ಭಾಗದ ತೆನೆಗಳು ಬಾಗಲೇ ಇಲ್ಲ, ಹಿಸುಕಿ ನೋಡಿದರೆ ಜೊಳ್ಳು. ಆ ಹೊತ್ತಿನಲ್ಲಿ ನೀರಿನ ಕೊರತೆಯಾದರೆ ಕಾಳು ಕಟ್ಟುವುದಿಲ್ಲ, ಮುಂದೆ ಎಷ್ಟು ನೀರು ಕೊಟ್ಟರೂ ಅದು ಮರಳಿ ಬಾರದು.

ಸರಿಯಾಗಿ ಮಾಡಿದರೆ ಶೇ. 30ರವರೆಗೂ ನೀರು ಉಳಿಯಬಹುದು. ಸದಾ ಮುಳುಗಿದ ಮಣ್ಣಿನಲ್ಲಿ ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಭೂಮಿಯ ಬಿಸಿ ಹೆಚ್ಚಿಸುವ ಮೀಥೇನ್ ಅನಿಲವನ್ನು ಹುಟ್ಟಿಸುತ್ತವೆ. ನಡುನಡುವೆ ಮಣ್ಣಿಗೆ ಗಾಳಿಯಾಡಿದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಉಪ್ಪಿನಂಶದ ಮಣ್ಣಿಗೆ ಈ ಕ್ರಮ ಹೊಂದುವುದಿಲ್ಲ, ಒಣಗಿದಷ್ಟೂ ಬೇರಿನ ಸುತ್ತ ಉಪ್ಪಿನಂಶ ಹೆಚ್ಚುತ್ತದೆ. ಅಗಲ ಬಿರುಕು ಬಿಡುವ ಮಣ್ಣಾದರೆ ಬಿರುಕು ಕಾಣುವ ಮೊದಲೇ ನೀರು ಕೊಡಿ, ತಡವಾದರೆ ಕೊಟ್ಟ ನೀರೆಲ್ಲ ಬಿರುಕಿನಲ್ಲೇ ಇಳಿದುಹೋಗುತ್ತದೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹರಿಯುವ ಕಡೆ, ನಾಟಿಗೆ ಮೊದಲೇ ಪಕ್ಕದವರೊಂದಿಗೆ ಕುಳಿತು ಮಾತನಾಡಿ. ನಾನು ನನ್ನ ಕೆಳಗಿನ ಗದ್ದೆಯವರಿಗೂ ಒಂದು ಕೊಳವೆ ಕತ್ತರಿಸಿ ಕೊಟ್ಟೆ. ಈಗ ಇಬ್ಬರೂ ಒಂದೇ ದಿನ ತೂಬು ತೆರೆಯುತ್ತೇವೆ.

ಕೊಯ್ಲಿಗೆ ಹತ್ತು ದಿನವಿರುವಾಗ ನೀರು ಬಸಿದುಬಿಡಿ. ಕೊಳವೆಯನ್ನೂ ಅಂದೇ ಕಿತ್ತು, ತೊಳೆದು, ನೆರಳಿನಲ್ಲಿಡಿ. ಒಣಗಿದ ಪೈರಿನ ನಡುವೆ ಅದು ಕಾಣಿಸದೆ ಯಂತ್ರಕ್ಕೆ ಸಿಕ್ಕಿಬಿಡುತ್ತದೆ.