ತಾಳಮದ್ದಳೆಯ ಧ್ವನಿಮುದ್ರಣಗಳಿದ್ದ ಹಾರ್ಡ್ ಡಿಸ್ಕ್ ಮೌನವಾದಾಗ

ಮಳೆಗಾಲದ ತಾಳಮದ್ದಳೆ ಕೂಟಗಳಲ್ಲಿ 2009ರಿಂದ ನಾನು ಮುದ್ರಿಸಿಕೊಂಡ ಧ್ವನಿಯೆಲ್ಲವೂ 1 ಟೆರಾಬೈಟಿನ ಒಂದೇ ಪೋರ್ಟಬಲ್ ಹಾರ್ಡ್ ಡಿಸ್ಕಿನಲ್ಲಿತ್ತು. ಅದರ ಪ್ರತಿ ಬೇರೆಲ್ಲಿಯೂ ಇರಲಿಲ್ಲ. ಒಂದು ಸಂಜೆ ಅದನ್ನು ಕಂಪ್ಯೂಟರಿಗೆ ಜೋಡಿಸಿದಾಗ ದೀಪ ಉರಿಯಿತಾದರೂ ಪರದೆಯ ಮೇಲೆ ಡ್ರೈವ್ ಕಾಣಿಸಲಿಲ್ಲ. ಡಿಸ್ಕನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು, ಬಗ್ಗಿ ಕಿವಿಗೊಟ್ಟೆ. ಒಳಗಿನ ತಟ್ಟೆ ತಿರುಗಲು ಹೊರಟು, ಟಿಕ್ ಎಂದು ನಿಂತು, ಮತ್ತೆ ಹೊರಡುತ್ತಿತ್ತು.

ಈ ಸದ್ದಿಗೆ ಎರಡು ಕಾರಣಗಳಿರಬಹುದು: ತಟ್ಟೆಯ ಮೇಲಿನದನ್ನು ಓದುವ ಹೆಡ್ ಹಾಳಾಗಿರಬಹುದು, ಇಲ್ಲವೇ ಸಾಕಷ್ಟು ವಿದ್ಯುತ್ ಸಿಗದಿರಬಹುದು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ನಾನು ಜೋಡಿಸಿದ್ದು ಕ್ಯಾಬಿನೆಟ್ಟಿನ ಮುಂಭಾಗದ ಹಳೆಯ ಪೋರ್ಟಿಗೆ, ಅದೂ ಉದ್ದನೆಯ ಕೇಬಲಿನಲ್ಲಿ. ಗಿಡ್ಡ ಕೇಬಲ್ ತಂದು, ಮದರ್‌ಬೋರ್ಡಿಗೇ ಹೊಂದಿಕೊಂಡಿರುವ ಹಿಂಬದಿಯ ನೀಲಿ ಪೋರ್ಟಿಗೆ ಹಾಕಿದೊಡನೆ ತಟ್ಟೆ ಒಂದೇ ಸಮನೆ ತಿರುಗತೊಡಗಿತು. ಇಲ್ಲಿಯೂ ಟಿಕ್ ಸದ್ದು ಮುಂದುವರಿದಿದ್ದರೆ ನಾನು ಆಗಲೇ ಕೇಬಲ್ ಕಿತ್ತು, ದತ್ತಾಂಶ ಮರುಪಡೆಯುವ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ, ಏಕೆಂದರೆ ಕೆಟ್ಟ ಹೆಡ್ ತಟ್ಟೆಯನ್ನೇ ಗೀರಿಬಿಡುತ್ತದೆ.

ಆದರೂ ಸಮಸ್ಯೆ ಮುಗಿದಿರಲಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕಿನ ಗಾತ್ರ ಸರಿಯಾಗಿಯೇ ಇತ್ತು, ಆದರೆ ವಿಭಾಗದ ಎದುರು ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಎಂದಿರಬೇಕಾದಲ್ಲಿ 'ರಾ' ಎಂದಿತ್ತು, ಅಂದರೆ ಆ ವ್ಯವಸ್ಥೆಯ ಗುರುತು ವಿಂಡೋಸಿಗೆ ಸಿಗುತ್ತಿರಲಿಲ್ಲ. ಜೊತೆಗೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎಂಬ ಸಂದೇಶವೂ ಬಂತು. ಆ ಗುಂಡಿಯನ್ನು ದಯವಿಟ್ಟು ಯಾರೂ ಒತ್ತಬೇಡಿ. ದೋಷ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸುವ ಆಸೆಯನ್ನೂ ನಾನು ತಡೆದುಕೊಂಡೆ. ಅದು ಇರುವ ಡಿಸ್ಕಿನ ಮೇಲೆಯೇ ತಿದ್ದಿ ಬರೆಯುತ್ತದೆ, ಸೊರಗಿದ ಡಿಸ್ಕಿನಲ್ಲಿ ಆ ತಿದ್ದುಪಡಿಯೇ ಇದ್ದುದನ್ನೂ ಕಳೆಯಬಲ್ಲದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಡಿಸ್ಕಿನ ಆರೋಗ್ಯ ನೋಡಿದಾಗ, ಓದಲು ಬಾರದೆ ಕಾಯುತ್ತಿರುವ ಸೆಕ್ಟರುಗಳನ್ನು (ಡಿಸ್ಕಿನ ಪುಟ್ಟ ಪುಟ್ಟ ತುಂಡುಗಳನ್ನು) ಎಣಿಸುವ 'ಸಿ5' ಸಾಲಿನಲ್ಲಿ ಸೊನ್ನೆ ಇರಲಿಲ್ಲ. ಹಾಗಾಗಿ ರಿಪೇರಿಗಿಂತ ಮೊದಲು ಪ್ರತಿ ಮಾಡಿಕೊಳ್ಳಬೇಕೆಂದು ನಿಶ್ಚಯಿಸಿದೆ.

2 ಟೆರಾಬೈಟಿನ ಹೊಸ ಡಿಸ್ಕ್ ಕೊಂಡು, ಪೆನ್‌ಡ್ರೈವಿನಿಂದ ಲಿನಕ್ಸ್ ಆರಂಭಿಸಿ, ಡಿಡಿರೆಸ್ಕ್ಯೂ ಮೂಲಕ ಹಳೆಯ ಡಿಸ್ಕನ್ನು ಮೌಂಟ್ ಮಾಡದೆಯೇ (ಅಂದರೆ ಅದರ ಕಡತಗಳನ್ನು ಬಳಕೆಗೆ ತೆರೆಯದೆಯೇ) ಇಡಿಯಾಗಿ ಒಂದು ಇಮೇಜ್ ಕಡತಕ್ಕೆ, ಅಂದರೆ ಡಿಸ್ಕಿನ ಯಥಾವತ್ ಪ್ರತಿಗೆ, ಇಳಿಸಿದೆ. ಈ ತಂತ್ರಾಂಶ ಸಲೀಸಾಗಿ ಓದಬಹುದಾದುದನ್ನು ಮೊದಲು ಬಾಚಿಕೊಂಡು, ಹಟ ಮಾಡುವ ಜಾಗಗಳನ್ನು ಮ್ಯಾಪ್ ಕಡತದಲ್ಲಿ ಗುರುತಿಟ್ಟು ಕೊನೆಗೆ ಅವುಗಳತ್ತ ಮರಳುತ್ತದೆ. ನಡುವೆ ಕರೆಂಟು ಹೋದರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ರಾತ್ರಿಯಿಡೀ ನಡೆದ ಆ ಕೆಲಸದ ಕೊನೆಯಲ್ಲಿ ಓದಲಾಗದೆ ಉಳಿದದ್ದು 64 ಕಿಲೋಬೈಟ್ ಮಾತ್ರ.

ಅದರಲ್ಲಿ ವಿಭಾಗದ ಮೊದಲ ಸೆಕ್ಟರೂ, ಅಂದರೆ ವಿಭಾಗದ ಗುರುತು ಹೇಳುವ ಬೂಟ್ ಸೆಕ್ಟರೂ ಸೇರಿತ್ತು. 'ರಾ' ಎಂದು ಕಂಡದ್ದು ಅದಕ್ಕೇ. ಎನ್‌ಟಿಎಫ್‌ಎಸ್ ಅದರ ಒಂದು ನಕಲನ್ನು ವಿಭಾಗದ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಕೆಟ್ಟ ವಿಭಾಗಗಳನ್ನು ಸರಿಪಡಿಸುವ ಟೆಸ್ಟ್‌ಡಿಸ್ಕ್ ತಂತ್ರಾಂಶದಲ್ಲಿ ಇಮೇಜನ್ನು ತೆರೆದು ಆ ನಕಲನ್ನು ಮುಂದಕ್ಕೆ ತಂದ ಕೂಡಲೇ ಎಲ್ಲ ಫೋಲ್ಡರುಗಳೂ ವರ್ಷವಾರು ಹೆಸರುಗಳೊಡನೆ ಸಾಲಾಗಿ ಕಂಡಾಗ ನನ್ನ ಕಣ್ಣು ತುಂಬಿತು.

ಹಾನಿಯಾದದ್ದು 'ಕರ್ಣಭೇದನ'ದ ಒಂದು ಮುದ್ರಣಕ್ಕೆ ಮಾತ್ರ. ಓದಲಾಗದ ಕಡೆ ಇಮೇಜಿನಲ್ಲಿ ಸೊನ್ನೆಗಳು ಕೂರುವುದರಿಂದ, ವೇವ್ ಕಡತದಲ್ಲಿ ಆ ಭಾಗ ನಿಶ್ಶಬ್ದವಾಗುತ್ತದೆ. ಕೃಷ್ಣನ ಅರ್ಥಗಾರಿಕೆಯ ನಡುವೆ ಅರ್ಧ ಸೆಕೆಂಡಿಗೂ ಕಡಿಮೆ ಹೊತ್ತು ಧ್ವನಿ ಇಲ್ಲ. ಮುಂದಿನ ಮಾತು ಪೂರ್ತಿಯಾಗಿ ಕೇಳಿಸುತ್ತದೆ.