ಪಡಸಾಲೆ ಗೋಡೆಯ ಮೇಲೆ ಕ್ಲೇ ಬಿಲ್ಲೆ: ಲೇಸರ್ ಅಭ್ಯಾಸಕ್ಕೆ ಮನೆ ಸಜ್ಜು ಮಾಡುವುದು ಹೇಗೆ?

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡ್ ಡಬಲ್ ಟ್ರ್ಯಾಪ್‌ನಲ್ಲಿ, ಅಂದರೆ ಒಟ್ಟಿಗೆ ಹಾರುವ ಎರಡು ಬಿಲ್ಲೆಗಳನ್ನು ಬಂದೂಕಿನಿಂದ ಒಡೆಯುವ ಸ್ಪರ್ಧೆಯಲ್ಲಿ, ಬೆಳ್ಳಿ ಗೆದ್ದಾಗಿನಿಂದ ನನಗೆ ಈ ಹಾರುವ ಬಿಲ್ಲೆಗಳ ಗೀಳು. ಆದರೆ ಕ್ಲೇ, ಅಂದರೆ ಯಂತ್ರ ಗಾಳಿಗೆ ಎಸೆಯುವ ಆ ಬಿಲ್ಲೆ, ಹೊಡೆಯಬೇಕೆಂದರೆ ನಾನು ಕಲಬುರಗಿಯಿಂದ ಹೈದರಾಬಾದಿಗೆ ಹೋಗಬೇಕು. ಇನ್ನೂರು ಕಿಲೋಮೀಟರ್ ಮೀರಿದ ದಾರಿ. ತಿಂಗಳಿಗೊಮ್ಮೆ ಹೋದರೆ ಹೆಚ್ಚು. ನಡುವಿನ ದಿನಗಳಲ್ಲಿ ಕೈ ಮರೆಯದಿರಲಿ ಎಂದು ಮನೆಯ ಪಡಸಾಲೆಯಲ್ಲೇ ಲೇಸರ್ ರೇಂಜ್ ಮಾಡಿಕೊಂಡಿದ್ದೇನೆ. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ವೆಬ್‌ಕ್ಯಾಮ್, ಟ್ರಿಗರ್ ಎಳೆದಾಗ ಮಿಂಚುವ ಲೇಸರ್ ಇದ್ದರಾಯಿತು. ಗೋಡೆಯ ಮೇಲೆ ಬಿಲ್ಲೆ ಹಾರುತ್ತದೆ, ಲೇಸರ್ ಚುಕ್ಕೆ ಎಲ್ಲಿ ಬಿತ್ತೆಂದು ಕ್ಯಾಮೆರಾ ಹಿಡಿಯುತ್ತದೆ, ತಂತ್ರಾಂಶ ಲೆಕ್ಕ ಹಾಕಿ ಹೊಡೆತ ಬಿಲ್ಲೆಯ ಮುಂದೋ ಹಿಂದೋ ಹೇಳುತ್ತದೆ.

ಮೊದಲು ಬಂದೂಕಿನ ಮಾತು. ಕ್ಲೇ ಹೊಡೆಯುವ 12 ಬೋರ್ ಬಂದೂಕಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಅದಿದ್ದವರು ತೋಟಾದ ಆಕಾರದ್ದೇ ಲೇಸರ್ ಕಾರ್ಟ್ರಿಜ್ ತಂದು ನಳಿಗೆಗೆ ಹಾಕಬಹುದು. ಆದರೆ ನಿಜವಾದ ತೋಟಾಗಳು ಬೇರೆ ಕೋಣೆಯಲ್ಲಿ ಬೀಗದೊಳಗೇ ಇರಬೇಕು. ಬಂದೂಕು ಬಿಚ್ಚಿ ಎರಡೂ ನಳಿಗೆ ಖಾಲಿ ಇವೆ ಎಂದು ನೀವೂ ನೋಡಿ, ಇನ್ನೊಬ್ಬರಿಗೂ ತೋರಿಸಿ. ಪ್ರತಿ ಸಲವೂ, ಚಹಾ ಕುಡಿದು ಬಂದು ಮತ್ತೆ ಕೈಗೆತ್ತಿಕೊಂಡಾಗಲೂ. ಪರವಾನಗಿ ಇಲ್ಲದವರು ಬಡಗಿಯ ಕೈಲಿ ಮರದ ಹಿಡಿ ಮಾಡಿಸಿ, ಅದಕ್ಕೆ ಕೊಳವೆ ಕೂಡಿಸಿ, ಮರಳು ತುಂಬಿ ತೂಕ ಸುಮಾರು 3.5 ಕಿಲೋಗೆ ತಂದು, ಟ್ರಿಗರ್ ಜಾಗಕ್ಕೆ ಸಣ್ಣ ಸ್ವಿಚ್ ಇಟ್ಟುಕೊಳ್ಳಲಿ. ನೋಡಿದವರು ನಿಜ ಬಂದೂಕೆಂದು ತಿಳಿಯದಂತೆ ಕಿತ್ತಳೆ ಬಣ್ಣ ಬಳಿಯಿರಿ. ಮಾಳಿಗೆಗೆ, ಅಂಗಳಕ್ಕೆ ಒಯ್ಯಬೇಡಿ.

ಲೇಸರ್ ಕೆಂಪು ಬೆಳಕಿನದೇ ಇರಲಿ, 1 ಮಿಲಿವ್ಯಾಟ್ ಒಳಗಿನದು, ಅಂದರೆ ಕ್ಲಾಸ್ 2. ಇನ್‌ಫ್ರಾರೆಡ್ ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಮಕ್ಕಳಿರುವ ಮನೆಗೆ ಅದು ಬೇಡ.

ಕೋಣೆ ನಾಲ್ಕು ಮೀಟರಿಗೂ ಉದ್ದವಿರಲಿ, ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣವಿರಲಿ. ನಮ್ಮ ಮನೆಗಳಲ್ಲಿ ಒಂದು ತೊಡಕಿದೆ. ಪಾಲಿಶ್ ಮಾಡಿದ ಶಹಾಬಾದ್ ಪರಸಿಯಲ್ಲಿ ಪ್ರೊಜೆಕ್ಟರ್ ಬೆಳಕೂ ಲೇಸರ್ ಚುಕ್ಕೆಯೂ ಪ್ರತಿಫಲಿಸುತ್ತವೆ, ಕ್ಯಾಮೆರಾ ಒಂದರ ಬದಲು ಎರಡು ಹೊಡೆತ ಎಣಿಸುತ್ತದೆ. ಗೋಡೆಯ ಬುಡಕ್ಕೆ ಜಮಖಾನೆ ಹಾಸಿ, ಗಾಜಿನ ಷೋಕೇಸಿಗೆ ಬಟ್ಟೆ ಇಳಿಬಿಡಿ. ಪ್ರೊಜೆಕ್ಟರನ್ನು ಸೀಲಿಂಗ್ ಫ್ಯಾನಿನ ಹತ್ತಿರ ತೂಗುಹಾಕಬೇಡಿ, ಫ್ಯಾನ್ ನಡುಗಿದಷ್ಟೂ ಚಿತ್ರ ನಡುಗುತ್ತದೆ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಎನ್ನಲು ನನಗೂ ಬಾಯಿ ಬರುವುದಿಲ್ಲ, ಹಾಗಾಗಿ ನನ್ನ ಅಭ್ಯಾಸವೆಲ್ಲ ರಾತ್ರಿ ಹತ್ತರ ಮೇಲೆ.

ಇನ್ನು ಅಳತೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕ್ಲೇ ಬಿಲ್ಲೆಯ ಅಗಲ 110 ಮಿಲಿಮೀಟರ್, ಎತ್ತರ 25ರ ಆಸುಪಾಸು. ಅದು 30 ಮೀಟರ್ ದೂರದಲ್ಲಿ ಕಾಣುವಷ್ಟೇ, 3 ಮೀಟರ್ ದೂರದ ಗೋಡೆಯ ಮೇಲೂ ಕಾಣಬೇಕು. ಹತ್ತನೇ ಒಂದು ಪಾಲು, ಅಂದರೆ 11 ಮಿಲಿಮೀಟರ್. ಅಂಗಿಯ ಗುಂಡಿ ತೆಗೆದು ಗೋಡೆಗೆ ಅಂಟಿಸಿ ನೋಡಿ, ಬಿಲ್ಲೆ ಅಷ್ಟೇ ಇರಬೇಕು. ಅಡ್ಡಲಾಗಿ ಹಾರುವಾಗ ಎರಡೂವರೆ ಮಿಲಿಮೀಟರಿನ ಗೆರೆ ಮಾತ್ರ. ತಟ್ಟೆಯಷ್ಟು ದೊಡ್ಡ ಬಿಲ್ಲೆ ಹಾರಿಸಿ ಅಭ್ಯಾಸ ಮಾಡಿದರೆ ಕಣ್ಣು ಕೆಡುತ್ತದೆ. ಚಿತ್ರ 2.4 ಮೀಟರ್ ಅಗಲವಿದ್ದರೆ ಅಡ್ಡಕ್ಕೆ 1920 ಚುಕ್ಕೆಯ (ಪಿಕ್ಸೆಲ್) ಪ್ರೊಜೆಕ್ಟರಿನಲ್ಲಿ ಒಂದು ಬಿಲ್ಲೆಗೆ ಸಿಗುವುದು ಒಂಬತ್ತು ಚುಕ್ಕೆ. ಅದಕ್ಕಿಂತ ಕಡಿಮೆಯ ಪ್ರೊಜೆಕ್ಟರಿಗೆ ದುಡ್ಡು ಹಾಕಬೇಡಿ. ಇಷ್ಟು ಅಗಲದ ಗೋಡೆಯಲ್ಲಿ, ಬಿಲ್ಲೆ ನಮ್ಮಿಂದ ದೂರಕ್ಕೆ ಹಾರುವ ಟ್ರ್ಯಾಪ್ ಹಿಡಿಸುತ್ತದೆ. ಸ್ಕೀಟ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ ಬಿಲ್ಲೆ ಎಡಬಲ ಪೂರ್ತಿ ಹಾಯುವುದರಿಂದ ಅದು ಒಂದು ಗೋಡೆಯ ಕೆಲಸವಲ್ಲ.

ವೆಬ್‌ಕ್ಯಾಮ್‌ನ ಆಟೊ ಎಕ್ಸ್‌ಪೋಷರ್ ಆಫ್ ಮಾಡಿ, ಬಿಲ್ಲೆಯ ಚಿತ್ರ ಮಸುಕಾಗಿ ಲೇಸರ್ ಚುಕ್ಕೆಯೊಂದೇ ಎದ್ದು ಕಾಣುವವರೆಗೆ ಬೆಳಕು ತಗ್ಗಿಸಿ. ಆಮೇಲೆ ಬಂದೂಕನ್ನು ಮರಳಿನ ಚೀಲದ ಮೇಲಿಟ್ಟು, ಗೋಡೆಯ ಮೇಲಿನ ಗುರುತಿಗೆ ಗುರಿ ಹಿಡಿದು, ಲೇಸರ್ ಅಲ್ಲೇ ಬೀಳುವಂತೆ ಹೊಂದಿಸಿ. ಲೇಸರ್ ಚುಕ್ಕೆ ಗುರುತಿಸುವುದನ್ನು ಕಲಿಯಲು ಶೂಟ್‌ಆಫ್ ಎಂಬ ಪುಕ್ಕಟೆ ತಂತ್ರಾಂಶ ಸಾಕು. ಲೀಡ್ ಲೆಕ್ಕ ಬೇಕಾದರೆ ಕ್ಲೇಗೆಂದೇ ಮಾಡಿದ್ದನ್ನು ಕೊಳ್ಳಿ.

ಲೀಡ್ ಎಂದರೆ ಬಿಲ್ಲೆಯ ಮುಂದೆ ಎಷ್ಟು ಹೊಡೆಯಬೇಕೆಂಬುದು. ತೋಟಾದಿಂದ ಹೊಮ್ಮುವ ಸಣ್ಣ ಗುಂಡುಗಳಿಗೆ, ಅಂದರೆ ಛರ್ರೆಗಳಿಗೆ, 30 ಮೀಟರ್ ಹೋಗಲು ಸುಮಾರು 0.09 ಸೆಕೆಂಡ್ ಬೇಕು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಅಡ್ಡ ಹಾಯುವ ಬಿಲ್ಲೆ ಅಷ್ಟರಲ್ಲಿ 1.8 ಮೀಟರ್ ಸರಿದಿರುತ್ತದೆ. ನಮ್ಮ ಗೋಡೆಯ ಮೇಲೆ ಅದು 18 ಸೆಂಟಿಮೀಟರ್, ಒಂದು ಗೇಣಿಗೆ ತುಸು ಕಮ್ಮಿ. ಓರೆಯಾಗಿ ದೂರ ಹೋಗುವ ಬಿಲ್ಲೆಗೆ ಇನ್ನೂ ಕಡಿಮೆ ಸಾಕು.

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಮೊದಲ ತಿಂಗಳು ಯಂತ್ರ ಪ್ರತಿ ಹೊಡೆತಕ್ಕೂ ‘ಹಿಂದೆ’ ಎಂದೇ ತೋರಿಸಿತು. ನಂಬಿ ಲೀಡ್ ಹೆಚ್ಚಿಸುತ್ತಾ ಹೋದೆ. ರೇಂಜಿಗೆ ಹೋದರೆ 25ರಲ್ಲಿ ಒಡೆದದ್ದು ಒಂಬತ್ತೇ, ಉಳಿದವಕ್ಕೆಲ್ಲ ಛರ್ರೆ ಮುಂದೆ ಹಾದುಹೋಗಿತ್ತು. ಕಾರಣ ಯಂತ್ರದೊಳಗಿನ ತಡ. ಪ್ರೊಜೆಕ್ಟರ್ ಚಿತ್ರ ತೋರಿಸಲು, ಕ್ಯಾಮೆರಾ ಚುಕ್ಕೆ ಹಿಡಿಯಲು ಸೇರಿ 50 ಮಿಲಿಸೆಕೆಂಡ್ ತಡವಾದರೂ ಗೋಡೆಯ ಮೇಲೆ ಬಿಲ್ಲೆ 10 ಸೆಂಟಿಮೀಟರ್ ಸರಿದಿರುತ್ತದೆ. ಪ್ರೊಜೆಕ್ಟರನ್ನು ಗೇಮ್ ಮೋಡ್‌ಗೆ ಹಾಕಿ, ಕ್ಯಾಮೆರಾ ಸೆಕೆಂಡಿಗೆ 60 ಫ್ರೇಮಿನದು ತನ್ನಿ. ಬಳಿಕ ತಂತ್ರಾಂಶದಲ್ಲಿ ಲೀಡ್ ಸೊನ್ನೆಗೆ ಇಳಿಸಿ, ಬಿಲ್ಲೆಯ ಮೇಲೇ ಇಪ್ಪತ್ತು ಸಲ ಹೊಡೆಯಿರಿ. ಎಲ್ಲ ಚುಕ್ಕೆಗಳೂ ಒಂದೇ ಅಳತೆಯಷ್ಟು ಹಿಂದೆ ಬಿದ್ದರೆ ಅದೇ ನಿಮ್ಮ ಯಂತ್ರದ ತಡ, ತಂತ್ರಾಂಶದಲ್ಲಿ ಕಳೆಯಿರಿ. ಕರೆಂಟ್ ಹೋಗಿ ಬಂದಾಗಲೆಲ್ಲ ಇದನ್ನೊಮ್ಮೆ ಪರೀಕ್ಷಿಸಿ.

ಇಷ್ಟಾದ ಮೇಲೆ ದಿನಕ್ಕೆ 25 ಬಿಲ್ಲೆ ಸಾಕು. ಒಂದು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಅಣ್ಣನ ಮಗಳು ಅಂದಳು: ‘ಕಾಕಾ, ನೀವು ಹೊಡದ ಕೂಡ್ಲೇ ಕೈ ನಿಂದ್ರಸ್ತೀರಿ ನೋಡ್ರಿ.’ ಹೊಡೆದ ಮೇಲೂ ಬಂದೂಕು ಬಿಲ್ಲೆಯೊಡನೆ ಸಾಗುತ್ತಿರಬೇಕು, ನಿಲ್ಲಿಸುವುದು ತಪ್ಪು. ಹೇಗೆ ಗೊತ್ತಾಯಿತು ಎಂದೆ. ಲೇಸರ್ ಮಿಂಚುವುದು ಸೆಕೆಂಡಿನ ಹತ್ತನೇ ಒಂದು ಪಾಲು. ಬಂದೂಕು ಬಿಲ್ಲೆಯೊಡನೆ ಸಾಗುತ್ತಲೇ ಇದ್ದರೆ ಕ್ಯಾಮೆರಾದಲ್ಲಿ ಉದ್ದನೆಯ ಕೆಂಪು ಗೆರೆ ಮೂಡುತ್ತದೆ, ನಿಂತರೆ ಬರೀ ಚುಕ್ಕೆ. ನನ್ನ ಇಪ್ಪತ್ತೈದರಲ್ಲಿ ಹದಿನಾರು ಚುಕ್ಕೆಗಳಿದ್ದವು. ಈಗ ಹೊಡೆತ ತಾಗಿತೋ ಇಲ್ಲವೋ ಎಂದು ನೋಡುವ ಮೊದಲು ಆ ಗೆರೆಯ ಉದ್ದ ನೋಡುತ್ತೇನೆ.